ಗಂಗಾಂಬಿಕಾಳ ಹೊರುವ ಕೂಲಿ

ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಗಂಗಾಂಬಿಕಾಳ ಹಳೇ ಪುಸ್ತಕದ ಅಂಗಡಿ. ಪರದೇಶದವರು ಓದಿ ಮುಗಿಸಿದ ಪುಸ್ತಕಗಳನ್ನು ಅಗ್ಗಕ್ಕೆ ಕೊಂಡು ಮುಂದೆ ಬರುವ ಪರದೇಶದವರಿಗೆ ಮಾರುವುದು ಅವಳ ವ್ಯಾಪಾರ. ಇಂಗ್ಲಿಷಿನ ಒಂದಕ್ಷರವೂ ಬಾರದು, ಆದರೆ ಬೆಲೆ ಕಟ್ಟುವುದರಲ್ಲಿ ಎಡವಿದವಳಲ್ಲ. ಹೊಸದಾಗಿ ಹೊಳೆಯುವ ಪುಸ್ತಕಕ್ಕೆ ಮೂವತ್ತು ರೂಪಾಯಿ, ಹರಿದು ಚಿಂದಿಯಾದದ್ದಕ್ಕೆ ನೂರು.

"ಚಿಂದಿ ಆಗೈತಿ ಅಂದ್ರ ಹತ್ತು ಮಂದಿ ಓದ್ಯಾರ. ಹೊಸಾದು ಅಂದ್ರ ಎಂಟು ಹಾಳಿ ಓದಿ ಆಕಳಿಸಿ ಇಟ್ಟಾರ," ಎನ್ನುವಳು. ಬಾಳೆಹಣ್ಣಿನ ಕಲೆಯಿದ್ದರೆ ಇನ್ನೂ ಹತ್ತು ಜಾಸ್ತಿ. ತಿನ್ನುವಾಗಲೂ ಕೆಳಗಿಡಲಾಗದ ಪುಸ್ತಕವಲ್ಲವೇ ಅದು!

ಮಂಟಪಕ್ಕೆ ಬಾಗಿಲಿಲ್ಲ, ಮಂಗಗಳಿಗೆ ನಾಚಿಕೆಯಿಲ್ಲ. ಹಾಗಾಗಿ ದಿನಾ ಸಂಜೆ ಎರಡು ಮೂಟೆ ಮನೆಗೆ, ಬೆಳಿಗ್ಗೆ ಮತ್ತೆ ಮಂಟಪಕ್ಕೆ, ಅವಳ ತಲೆಯ ಮೇಲೆಯೇ. ಅದಕ್ಕೂ ಮುಂಚೆ ನೀರು ತುಂಬಿ, ರೊಟ್ಟಿ ಬಡಿದು, ಹೊಳೆಗೆ ಬಿದ್ದು ಉಬ್ಬಿದ ಪುಸ್ತಕಗಳನ್ನು ಗಂಡನ ಅಂಗಿಯ ಜೊತೆಗೇ ಇಸ್ತ್ರಿ ಮಾಡಬೇಕು. ಗಂಡ ಕೊಟ್ರಯ್ಯ ಊಟದ ಹೊತ್ತಿಗೆ ಬಂದು, ಉಂಡು, ಖಾಲಿ ಚೀಲದ ಮೇಲೆ ಮಾಲೀಕನಾಗಿ ಮಲಗುತ್ತಿದ್ದ.

ಆ ವರ್ಷ ಸಂಡೂರಿನ ಅದಿರು ಲಾರಿಗಳು ಹೊಸಪೇಟೆಯ ರಸ್ತೆಯನ್ನೆಲ್ಲ ಕೆಂಪು ಮಾಡಿದ್ದವು. ಕೊಟ್ರಯ್ಯನ ಜೊತೆ ಓದಿದವರೆಲ್ಲ ಟಿಪ್ಪರ್ ಮಾಲೀಕರಾಗಿದ್ದರು. ಇವನೂ ಏನಾದರೂ ಆಗಬೇಕಿತ್ತು. ಹೊಸಪೇಟೆಯ ಇಂಟರ್ನೆಟ್ ಸೆಂಟರಿನಲ್ಲಿ ಹೆಂಡತಿಯ ಪುಸ್ತಕಗಳ ಹೆಸರು ಹುಡುಕಿಸಿ, ಜ್ಞಾನೋದಯವಾದವನಂತೆ ಮಂಟಪಕ್ಕೆ ಬಂದ.

"ಲೇ ಗಂಗಿ, ಅಮೆರಿಕಾದಾಗ ಹಳೇ ಪುಸ್ತಕದ ರೇಟು ಎಷ್ಟು ಗೊತ್ತೇನು? ನಮ್ಮ ಎಂಟಾಣೆ! ನಿನ್ನ ಅಂಗಡಿ ಪೂರ್ತಿ ಮಾರಿದ್ರ ಒಂದು ಜೋಡು ಚಪ್ಪಲಿ ಬರ್ತಾವ. ಸೋಮವಾರ ಎಲ್ಲಾ ಹೊಸಪೇಟಿಗೆ ಒಯ್ದು ರದ್ದಿಗೆ ಹಾಕಿ, ಇಲ್ಲಿ ಎರಡು ಕಂಪ್ಯೂಟರ್ ಇಡ್ತೀನಿ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಗಂಗಾಂಬಿಕಾಳಿಗೆ ತನ್ನದು ಅಂತ ಇದ್ದದ್ದು ಈ ಅಂಗಡಿಯೊಂದೇ. ಆದರೂ ಬುತ್ತಿ ಬಿಚ್ಚುತ್ತಲೇ ಕೇಳಿದಳು, "ಅಲ್ರೀ, ಎಂಟಾಣೆಗೆ ಮಾರಿ ಆ ಅಂಗಡಿಯವ ಏನು ಉಣ್ತಾನ?"

"ಪುಸ್ತಕಕ್ಕ ಎಂಟಾಣೆ. ಮನಿ ಮುಟ್ಟಿಸಾಕ ಬ್ಯಾರೆ ನೂರೆಂಬತ್ತು ರೂಪಾಯಿ ಹಚ್ತಾನ. ಅದರಾಗ ಗಳಿಸ್ತಾನ."

"ಅಂದ್ರ ಪುಸ್ತಕಕ್ಕ ಕಿಮ್ಮತ್ತಿಲ್ಲ, ಹೊರಾದಕ್ಕ ಐತಿ!"

"ಹೂಂ. ಅದು ಬಿಸಿನೆಸ್. ನಿನಗ ತಿಳಿಯಂಗಿಲ್ಲ. ರೊಟ್ಟಿ ಹಾಕು."

"ತಿಳೀತ್ರಿ," ಎಂದಳು.

ಸೋಮವಾರ ಕೊಟ್ರಯ್ಯ ಅಂಗಿಯ ತೋಳು ಸರಿಮಾಡಿಕೊಂಡು, "ಮೂಟಿ ಎತ್ತು, ಬಸ್‌ಸ್ಟ್ಯಾಂಡಿಗೆ ನಡಿ," ಎಂದ.

"ನಡೀರಿ. ಪುಸ್ತಕಕ್ಕ ನೂರೆಂಬತ್ತರಂಗ ನೂರು ಪುಸ್ತಕದ ಒಂದು ಮೂಟಿಗೆ ಹದಿನೆಂಟು ಸಾವಿರ. ಅಮೆರಿಕಾದ ರೇಟು. ಮುಂಗಡ ಕೊಡ್ರಿ."

ಬಜಾರಿನ ಎದುರು ಮೀಸೆಯ ಪ್ರಶ್ನೆ. ಕೊಟ್ರಯ್ಯ ತಾನೇ ಮೂಟೆ ಹೊತ್ತ. ಇಪ್ಪತ್ತು ಹೆಜ್ಜೆ ಚೆನ್ನಾಗಿಯೇ ಹೋದ. ಇಪ್ಪತ್ತೊಂದಕ್ಕೆ ಮೂಟೆ ಕುಳಿತಿತು, ಅದರ ಮೇಲೆ ಅವನೂ ಕುಳಿತ. ಮತ್ತೆ ಇಬ್ಬರೂ ಏಳಲಿಲ್ಲ.

ಚಹಾದಂಗಡಿಯ ನಿಂಗಕ್ಕ ಕೂಗಿದಳು, "ಏನ್ ಕೊಟ್ರಯ್ಯಣ್ಣ, ಹೊಸಾ ಬ್ರಾಂಚ್ ತೆರೆದ್ರೇನು?"

"ನಗಬ್ಯಾಡ, ಒಂಚೂರು ಎತ್ತಿಕೊಡಬೇ."

"ಗಂಗಕ್ಕನ್ನ ಕೇಳ್ರಿ. ಆಕಿ ದಿನಾ ನಾಲ್ಕು ಸಲ ಎತ್ತತಾಳ."

ಅಷ್ಟರಲ್ಲಿ ಒಬ್ಬ ಪರದೇಶದವನು ಕುಳಿತ ಕೊಟ್ರಯ್ಯನ ಫೋಟೋ ತೆಗೆದು ಹತ್ತು ರೂಪಾಯಿ ಕೈಗಿತ್ತು ಹೋದ. ಗಂಗಾಂಬಿಕಾ ಬಂದು ಮುಂದೆ ನಿಂತಳು.

"ಬಸ್‌ಸ್ಟ್ಯಾಂಡಿಗಾದ್ರ ಅದೇ ರೇಟು. ವಾಪಸ್ ಮಂಟಪಕ್ಕಾದ್ರ ಪುಕ್ಕಟೆ."

ಕೊಟ್ರಯ್ಯ ಬಿಸಿಲು ನೋಡಿದ, ದೂರದ ಬಸ್‌ಸ್ಟ್ಯಾಂಡ್ ನೋಡಿದ. "ಮಂಟಪಕ್ಕ," ಎಂದ ಸಣ್ಣ ದನಿಯಲ್ಲಿ.

"ಹಂಗಾರ ಏಳ್ರಿ."

"ನಾ ಯಾಕ? ಪುಕ್ಕಟೆ ಅಂದ್ಯಲ್ಲ!"

"ಪುಕ್ಕಟೆ ಅಂದೆ, ಒಬ್ಬಾಕಿನ ಅಂತ ಅಂದಿಲ್ಲ. ಆ ಕಡೆ ತುದಿ ಹಿಡೀರಿ."