ಉಳಿದ ಒಂದು ತುಂಡು ಬೆಲ್ಲ

ತೊಂಬತ್ತರ ದಶಕದಲ್ಲಿ ಮಕ್ಕಳ ಬೇಸಿಗೆ ಶಿಬಿರ ಮಾಡುವುದೆಂದರೆ ಮದುವೆ ಮಾಡಿಸಿದಷ್ಟೇ ಓಡಾಟ. ಮೂಡುಬಿದಿರೆಯ ನಮ್ಮ ಶಾಲೆಯ ನಲವತ್ತೊಂದು ಮಕ್ಕಳನ್ನು ವೇಣೂರಿನ ಹತ್ತಿರದ ಒಂದು ಶಾಲಾ ಕಟ್ಟಡದಲ್ಲಿ ಐದು ದಿನ ಇರಿಸಿಕೊಳ್ಳಲು ನಾನು ಶಿಕ್ಷಣ ಇಲಾಖೆಯ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿದ್ದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿರಬೇಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೇಕು, ಹೆತ್ತವರ ಒಪ್ಪಿಗೆ ಪತ್ರ ಬೇಕು, ಯಾರೂ ನದಿಗೆ ಇಳಿಯಕೂಡದು, ಹೊರಗೆ ಹೋಗಿ ಬಂದಾಗಲೆಲ್ಲ ಹಾಜರಿ ಕರೆಯಬೇಕು. ಕೊನೆಗೆ ಅನುಮತಿ ಸಿಕ್ಕಿತು, ಅದೂ ಷರತ್ತಿನ ಮೇಲೆ. ಎರಡನೇ ದಿನ ಅಧಿಕಾರಿಯೊಬ್ಬರು ನೋಡಲು ಬರುತ್ತಾರೆ. ಅವರಿಗೆ ಸರಿ ಕಾಣದಿದ್ದರೆ ಅಂದೇ ಶಿಬಿರ ಬಂದ್.

ಒಂದು ಹುಡುಗಿಯ ಒಪ್ಪಿಗೆ ಪತ್ರವಂತೂ ದುಬೈಗೆ ಹೋಗಿ ಅಪ್ಪನ ಸಹಿಯೊಂದಿಗೆ ವಾಪಸು ಬಂದಿತ್ತು. ಅದನ್ನು ತಂದುಕೊಟ್ಟ ಅವಳ ತಾಯಿ, "ಮರ ಕಂಡರೆ ಇವಳು ಬಿಡುವುದಿಲ್ಲ ಟೀಚರ್. ನನಗೆ ಇರುವುದು ಇವಳೊಬ್ಬಳೇ. ಸ್ವಲ್ಪ ನೋಡ್ಕೊಳ್ಳಿ" ಎಂದಿದ್ದರು. "ನನ್ನ ಹಾಜರಿ ಪುಸ್ತಕ ತಪ್ಪಿಸಿ ಒಂದು ನೊಣವೂ ಹೊರಗೆ ಹೋಗುವುದಿಲ್ಲ" ಎಂದಿದ್ದೆ ನಾನು. ಎಂಥ ಜಂಭ!

ಅಡುಗೆಗೆ ಬಂದಿದ್ದ ಅಕ್ಕ ಅದೇ ಊರಿನವರು. ಬಿಸಿಲಿನಿಂದ ಬಂದವರಿಗೆ ಬೆಲ್ಲ, ನೀರು ಕೊಡದೆ ಮಾತಾಡಿಸುವುದು ಅವರಿಗೆ ಆಗದ ಕೆಲಸ. ತಟ್ಟೆಯಲ್ಲಿ ಇಟ್ಟರೆ ಮೊದಲು ಬಂದ ಹತ್ತು ಜನವೇ ಖಾಲಿ ಮಾಡುತ್ತಾರೆಂದು, ಲೆಕ್ಕ ಹಿಡಿದು ನಲವತ್ತೊಂದೇ ತುಂಡು ಮಾಡಿ, ಒಬ್ಬೊಬ್ಬರ ಬಾಯಿಗೂ ತಾವೇ ಹಾಕುತ್ತಿದ್ದರು. ನನಗೆ ಕಿರಿಕಿರಿ.

"ಇದೇನಕ್ಕ, ಶಿಬಿರವಾ, ಮದುವೆಮನೆಯಾ?"

"ನೀವು ಬರೀರಿ ಟೀಚರ್, ನಾನು ತಿನ್ನಿಸ್ತೇನೆ."

ಎರಡನೇ ದಿನ ಬೆಳಿಗ್ಗೆ ಎಲೆ ಸಂಗ್ರಹಕ್ಕೆಂದು ಮಕ್ಕಳನ್ನು ನದಿಯ ದಂಡೆಗುಂಟ ಕರೆದುಕೊಂಡು ಹೋಗಿ ಬಂದೆವು. ಬರುವಷ್ಟರಲ್ಲಿ ಅಧಿಕಾರಿ ಜಗಲಿಯಲ್ಲಿ ಕುಳಿತಿದ್ದಾರೆ! ನನಗೆ ಉತ್ಸಾಹವೋ ಉತ್ಸಾಹ. ಪುಸ್ತಕ ಬಿಡಿಸಿ, ತಲೆ ತಗ್ಗಿಸಿ, ಪಟಪಟನೆ ಹೆಸರು ಕರೆದೆ. ನಲವತ್ತೊಂದು ಸಲ "ಹಾಜರ್ ಟೀಚರ್" ಕೇಳಿಸಿತು. ಸಹಿ ಹಾಕಿ ಅವರ ಕೈಗಿತ್ತೆ. ಅವರೂ ಮೆಚ್ಚಿ ತಲೆದೂಗಿದರು.

ಅಷ್ಟರಲ್ಲಿ ಬೆಲ್ಲ ಹಂಚಿ ಮುಗಿಸಿದ ಅಕ್ಕ ಬಂದು ನನ್ನ ಮುಂದೆ ತಟ್ಟೆ ಹಿಡಿದರು. "ಟೀಚರ್, ಒಂದು ತುಂಡು ಉಂಟು."

"ಹೆಚ್ಚಾದರೆ ನೀವೇ ತಿನ್ನಿ ಮಾರಾಯ್ರೇ!" ಎಂದು ಸಿಡುಕಿದೆ.

"ಬೆಲ್ಲ ಹೆಚ್ಚಾದದ್ದಲ್ಲ. ಮಗು ಒಂದು ಕಡಿಮೆ."

ಮೊದಲ ಸಲ ತಲೆಯೆತ್ತಿ ಮಕ್ಕಳ ಮುಖ ನೋಡಿದೆ. ದುಬೈಯವರ ಮಗಳು ಇಲ್ಲ. ಅವಳ ಗೆಳತಿ ಅಳಲು ಶುರುಮಾಡಿದಳು. "ಈಗ ಬರ್ತೇನೆ ಅಂತ ಹಿಂದೆ ಉಳಿದ್ಲು ಟೀಚರ್. ನೀವು ಬೈತೀರಿ ಅಂತ ಹೆದರಿ ಅವಳ ಹಾಜರಿಯನ್ನೂ ನಾನೇ ಹೇಳಿದೆ."

ಸೆರಗು ಸಿಕ್ಕಿಸಿ ನದಿಯ ಕಡೆ ಓಡಿದೆ. ಅಕ್ಕ ಹಿಂದೆ, ಅಧಿಕಾರಿ ಅವರ ಹಿಂದೆ. ದೇವರೇ, ಆ ತಾಯಿಗೆ ಏನು ಹೇಳಲಿ? ನದಿ ತಿರುವಿನ ಆಳದ ಗುಂಡಿಯಲ್ಲಿ ನೀರು ಕಪ್ಪಗೆ ನಿಂತಿತ್ತು. ಅದನ್ನು ನೋಡಲು ಧೈರ್ಯವಿಲ್ಲದೆ ಗಟ್ಟಿಯಾಗಿ ಹೆಸರು ಹಿಡಿದು ಕೂಗಿದೆ.

"ಹಾಜರ್ ಟೀಚರ್!" ಎಂದು ಮೇಲಿನಿಂದ ಉತ್ತರ ಬಂತು.

ಗೇರುಮರದ ಕೊಂಬೆಯ ಮೇಲೆ, ಮಡಿಲ ತುಂಬ ಹಣ್ಣು ಕಟ್ಟಿಕೊಂಡು ಕುಳಿತಿದ್ದಳು. "ಇಳೀಲಿಕ್ಕೆ ಗೊತ್ತಾಗಲಿಲ್ಲ" ಎಂದಳು. ಅಕ್ಕ ಹೆಗಲು ಕೊಟ್ಟು ಇಳಿಸಿಕೊಂಡರು. ನಾನು ಬೈಯಲು ಬಾಯಿ ತೆರೆದೆ, ಅಳು ಬಂತು. ಅವಳೇ ನನ್ನನ್ನು ಸಮಾಧಾನ ಮಾಡಿ ಒಂದು ಗೇರುಹಣ್ಣು ಕೊಟ್ಟಳು.

ಅಧಿಕಾರಿ ಬೆವರೊರೆಸಿಕೊಂಡು ಕೇಳಿದರು, "ಯಾರ ತಪ್ಪು ಇದು?"

ಗೆಳತಿಯ ಮೇಲೆ ಹಾಕಬಹುದಿತ್ತು. "ನನ್ನದೇ ಸರ್. ಮಕ್ಕಳನ್ನು ನೋಡಲಿಲ್ಲ, ಪುಸ್ತಕ ನೋಡಿದೆ. ಹೇಳಲಿಕ್ಕೆ ಹೆದರುವ ಹಾಗೆ ಮಾಡಿದ್ದೂ ನಾನೇ. ಶಿಬಿರ ನಿಲ್ಲಿಸಿ ಅಂದರೆ ಸಂಜೆಯೇ ಕರೆದುಕೊಂಡು ಹೋಗ್ತೇನೆ" ಎಂದೆ.

ಅವರು ಅಕ್ಕನ ಕಡೆ ತಿರುಗಿ, "ಬೆಲ್ಲ ಇನ್ನೂ ಮೂರು ದಿನಕ್ಕೆ ಸಾಕಾಗುತ್ತದಾ?" ಎಂದು ಕೇಳಿದರು. ಸಾಕು ಎಂದರು ಅಕ್ಕ. "ಹಾಗಾದರೆ ನಡೆಸಿ" ಎಂದು ಪುಸ್ತಕ ನನಗೆ ಮರಳಿಸಿದರು.

ಆಮೇಲಿನ ವರ್ಷಗಳಲ್ಲಿ ಎಷ್ಟೋ ಶಿಬಿರಗಳ ಅರ್ಜಿ ತುಂಬಿದೆ. ನಿಯಮಗಳು ಬೆಳೆದವು, ಬೆಳೆಯಬೇಕಾದದ್ದೇ. ಆದರೆ ನನಗೆ ನೆನಪಾಗುವುದು ಆ ಘಟನೆಯ ಮರುದಿನದ ಬೆಳಿಗ್ಗೆ. ತಿರುಗಾಟ ಮುಗಿಸಿ ಬಂದು, ಒಂದೊಂದು ಮುಖ ನೋಡಿ ಹಾಜರಿ ಕರೆದೆ. ಅಕ್ಕ ಎಲ್ಲರ ಬಾಯಿಗೆ ಬೆಲ್ಲ ಹಾಕುತ್ತ ಬಂದು ನನ್ನೆದುರು ನಿಂತರು. ತಟ್ಟೆಯಲ್ಲಿ ಮತ್ತೆ ಒಂದು ತುಂಡು!

"ಯಾರು? ಯಾರಿಲ್ಲ ಅಕ್ಕ?"

"ಎಲ್ಲರೂ ಇದ್ದಾರೆ. ಇವತ್ತು ನಲವತ್ತೆರಡು ಮಾಡಿದ್ದೇನೆ. ನಿಮ್ಮನ್ನೂ ಯಾರಾದರೂ ನೋಡ್ಕೊಳ್ಳಬೇಕಲ್ಲ ಟೀಚರ್? ಬಾಯಿ ತೆರೀರಿ."

ನಲವತ್ತೊಂದು ಮಕ್ಕಳು ಕಿಸಕ್ಕೆಂದು ನಗುತ್ತಿರುವಾಗ ನಾನು ಬಾಯಿ ತೆರೆದೆ.