ಮೇಲಿನ ಸಾಲಿನ ಹೆಸರು

ಅತ್ತೆಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದ ಮೇಲೆ, ನ್ಯಾಮತಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಾನು ಕೆಲಸ ಬಿಟ್ಟು ಹೊನ್ನಾಳಿಯ ಮನೆಯಲ್ಲಿ ಕೂತೆ. ಅವರು ಮಂಚಕ್ಕೆ ಅಂಟಿದರು, ನಾನು ಅವರ ಕೋಣೆಗೆ. ಜಗಳೂರಿನಲ್ಲಿ ನೌಕರಿಯಲ್ಲಿದ್ದ ನನ್ನ ಗಂಡ ವಾರಕ್ಕೊಮ್ಮೆ ಬಂದು "ಹೆಂಗೈತೆ?" ಎಂದು ಕೇಳಿ ಹೋಗುತ್ತಿದ್ದರು. ಹೆಂಗಿರುತ್ತೆ? ಗೋಡೆಯ ಹಲ್ಲಿಗೂ ನಮಗಿಂತ ಹೆಚ್ಚು ತಿರುಗಾಟವಿತ್ತು.

ಮಾವ ಮಾತ್ರ ಆ ಕೋಣೆಗೆ ಕಾಲಿಡಲಿಲ್ಲ. "ಆಕೆನ ಹಂಗೆ ನೋಡಾಕೆ ನನ್ ಕೈಲಾಗಲ್ಲಮ್ಮ" ಎಂದು ಜಗಲಿಯಲ್ಲೇ ಕೂರುತ್ತಿದ್ದರು. ಅತ್ತೆಯ ಕಣ್ಣು ದಿನವಿಡೀ ಬಾಗಿಲ ಕಡೆಗೆ. ಗಂಡ ಒಮ್ಮೆ ಒಳಗೆ ಬರಲಿ ಎನ್ನುವುದಷ್ಟೇ ಅವರ ಆಸೆ. ಅದು ಗೊತ್ತಿದ್ದ ನನಗೆ ಮಾವನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ಆದರೆ ಸೊಸೆಯಾದವಳು ಏನು ಹೇಳಲಾದೀತು?

ಹಳೆಯ ಟ್ಯಾಬಿಗೆ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದೆ. ಪರದೆಯ ಮೇಲೊಂದು ಚೌಕ, ಅದರೊಳಗೆ ಸಾಲಿಗೊಂದು ಪದ: ನೀರು, ಗಂಜಿ, ಸೆಕೆ, ಹೊರಳಿಸು. ಬೆರಳಿನಿಂದ ತಳ್ಳಿದರೆ ಪದಗಳು ಮೇಲೆ ಸರಿಯುತ್ತವೆ. ಮುಟ್ಟಿದ ಪದವನ್ನು ಟ್ಯಾಬ್ ಗಟ್ಟಿಯಾಗಿ ಹೇಳುತ್ತದೆ. ಮಾವನನ್ನು ಕರೆಯಲಿ ಎಂದು "ಏನ್ರೀ" ಎನ್ನುವುದನ್ನೂ ಸೇರಿಸಿದೆ. ಅತ್ತೆ ಎಡಗೈಯಿಂದ ಮೊದಲು ಮುಟ್ಟಿದ್ದೇ ಅದನ್ನು. ಜಗಲಿಯಿಂದ ಮಾವ ಉತ್ತರ ಕೊಟ್ಟರು: "ಆ ಮಿಷನ್ ಏನೋ ಅಂತೈತೆ, ನೋಡಮ್ಮ."

ಸಿಟ್ಟಿಗೆ "ಏನ್ರೀ" ಅಳಿಸಿ, ಎಲ್ಲಕ್ಕಿಂತ ಮೇಲೆ ಮಾವನ ಹೆಸರನ್ನೇ ಹಾಕಿದೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಸೊಸೆಯ ಮಾತಂತೂ ಕೇಳಲೇಬೇಡಿ. ಟೈಪ್ ಮಾಡುವಾಗಲೂ ತುಟಿ ಬಿಗಿಹಿಡಿದಿದ್ದೆ. ಹೆಸರು ಕಂಡದ್ದೇ ಅತ್ತೆ ನನ್ನನ್ನು ದುರುಗುಟ್ಟಿ ನೋಡಿ, ಅದನ್ನು ಮೇಲಕ್ಕೆ ತಳ್ಳಿ ಮರೆ ಮಾಡಿದರು. ಈಗ ಮೇಲೆ ಕಂಡದ್ದು "ನೀರು". ಅದನ್ನು ಮುಟ್ಟಿದರು. ಟ್ಯಾಬ್ ಮನೆಗೆಲ್ಲ ಕೇಳುವಂತೆ ಮಾವನ ಹೆಸರು ಕೂಗಿತು. ಪದಗಳು ಎಷ್ಟು ಸರಿದಿವೆ ಎಂದು ನೋಡುವುದನ್ನು ನಾನು ಸ್ಕ್ರಿಪ್ಟಿಗೆ ಹೇಳಿರಲಿಲ್ಲ. ಮೇಲೆ ಯಾವ ಪದ ಕಂಡರೂ ಅದು ಪಟ್ಟಿಯ ಮೊದಲನೆಯದೇ, ಅಂದರೆ ಮಾವನ ಹೆಸರೇ, ಎಂದು ಸ್ಕ್ರಿಪ್ಟ್ ತಿಳಿದುಕೊಂಡಿತ್ತು.

ಸ್ವಲ್ಪ ಹೊತ್ತಿಗೆ ಮಾವ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ನೀನೇನೇ ಕರೆದಿದ್ದು?"

ಅತ್ತೆ ನಾಚಿ ಎಡಗೈಯಲ್ಲಿ ಸೆರಗು ಎಳೆದುಕೊಳ್ಳಲು ಹೋದರು, ಆಗಲಿಲ್ಲ. ಮಾವ ಒಳಗೆ ಬಂದು ಸರಿಮಾಡಿದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಮರುದಿನ ಸ್ಕ್ರಿಪ್ಟಿನ ತಪ್ಪು ತಿದ್ದಿದೆ. "ನೀರು" ಮುಟ್ಟಿದರೆ "ನೀರು" ಎಂದೇ ಬಂತು. ಲೋಟ ಹಿಡಿದು ಓಡಿದೆ, ಅತ್ತೆ ಬಾಯಿ ತೆರೆಯಲಿಲ್ಲ. ಬಾಗಿಲ ಕಡೆ ನೋಡುತ್ತ ಮತ್ತೆ ಮತ್ತೆ ಅದನ್ನೇ ಒತ್ತಿದರು. ಕರೆಯದೆ ಬರುವ ಧೈರ್ಯ ಮಾವನಿಗಿರಲಿಲ್ಲ. ಪದಗಳನ್ನು ಕೆಳಗಿಳಿಸಿ ಹೆಸರು ತೋರಿಸಿ, "ಮುಟ್ಟಿಬಿಡ್ರಿ ಅತ್ತೆ, ಯಾರೂ ಏನೂ ಅನ್ನಲ್ಲ" ಎಂದೆ. ಬೆರಳು ಹತ್ತಿರ ಹೋಗಿ ಹಿಂದೆ ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಮದುವೆಯಾದ ಮೇಲೆ ಕಲಿತದ್ದೂ ಅಷ್ಟೇ.

ತಿದ್ದಿದ್ದನ್ನು ಅಳಿಸಿದೆ.

ಈಗಲೂ ಟ್ಯಾಬ್ ಹಾಗೆಯೇ ಇದೆ. ಹೆಸರು ಎದುರಿಗಿದ್ದರೆ ಅತ್ತೆ ಯಾವ ಪದವನ್ನೂ ಮುಟ್ಟುವುದಿಲ್ಲ. ಮೊದಲು ಅದನ್ನು ಮರೆ ಮಾಡುತ್ತಾರೆ, ಆಮೇಲೆ "ನೀರು" ಒತ್ತುತ್ತಾರೆ, ಮಾವ ಎದ್ದು ಬರುತ್ತಾರೆ. ನಿಜವಾಗಿ ಬಾಯಾರಿದಾಗ ಹೇಳಲು ಮಾತ್ರ ಅತ್ತೆಗೆ ಈಗ ಪದವಿಲ್ಲ.