ಅರ್ಧ ಬುಟ್ಟಿಯ ಮೊಲ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎರಡು ಮೊಲಗಳಿದ್ದವು, ಒಂದು ಬಿಳಿ, ಒಂದು ಕಂದು. ಅಪ್ಪ ಅವನ್ನು ಕೊಳ್ಳೇಗಾಲದಿಂದ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದ. ಎರಡೂ ಒಂದೇ ಬಿದಿರು ಬುಟ್ಟಿಯಲ್ಲಿ ಒತ್ತಿಕೊಂಡು ಮಲಗುತ್ತಿದ್ದವು. ಅವುಗಳ ಮೇವು ನೀರೆಲ್ಲ ನನ್ನ ಜವಾಬ್ದಾರಿ ಎಂದು ನಾನೇ ಎದೆಯುಬ್ಬಿಸಿ ಒಪ್ಪಿಕೊಂಡಿದ್ದೆ.

ಯಳಂದೂರು ಕಡೆಯ ನಮ್ಮೂರಿನಲ್ಲಿ ಆಗ ಮನೆಮನೆಯಲ್ಲೂ ರೇಷ್ಮೆ ಹುಳು. ನಡುಮನೆಯ ತುಂಬ ತಟ್ಟೆಗಳು, ಹಸಿ ಸೊಪ್ಪಿನ ವಾಸನೆ. ಸಾವಿರಾರು ಹುಳುಗಳು ಒಟ್ಟಿಗೆ ಮೇಯುವಾಗ ಹೊರಗೆ ಮಳೆ ಹಿಡಿದಂಥ ಸದ್ದು. ಮರಿಹುಳುಗಳಿಗೆ ಅಕ್ಕ ಎಳೆಯ ಹಿಪ್ಪುನೇರಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಉದುರಿಸುತ್ತಿದ್ದಳು. ಮರಿಗಳನ್ನು ಸಾಕುವುದೆಂದರೆ ಹೀಗೇ ಎಂದು ನಂಬಿದ ನಾನು, ಮೊಲಗಳಿಗೂ ಹಾಗೆಯೇ ಹೆಚ್ಚಿ ಹಾಕಿದೆ. ಒರಟು ಹುಲ್ಲನ್ನು ಅವುಗಳ ಹತ್ತಿರಕ್ಕೂ ಬಿಡಲಿಲ್ಲ. ಜಾಣ ನಾನು!

ಒಂದು ದಿನ ಬಿಳಿ ಮೊಲ ತಿನ್ನುವುದನ್ನು ನಿಲ್ಲಿಸಿತು. ನನಗೆ ಗಾಬರಿಯೇನೂ ಆಗಲಿಲ್ಲ. ರೇಷ್ಮೆ ಹುಳುಗಳೂ ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂರುತ್ತವೆ. ಆಗ ಅವನ್ನು ಮುಟ್ಟಬಾರದು, ಎಲೆ ಹಾಕಬಾರದು. ಎದ್ದ ಮೇಲೆ ತಾವೇ ಗಬಗಬ ತಿನ್ನುತ್ತವೆ. ಮೊಲವೂ ಹಾಗೇ ಕೂತಿದೆ ಎಂದುಕೊಂಡು ನಾಲ್ಕು ದಿನ ಕಾದೆ. ನಾಲ್ಕನೆಯ ಸಂಜೆ ಅಪ್ಪ ಅದನ್ನೆತ್ತಿ ಬೆನ್ನು ಸವರಿದ. ಮೂಳೆ ಕೈಗೆ ಸಿಕ್ಕಿರಬೇಕು.

“ಯಾವಾಗ್ಲಾ ತಿಂದಿದ್ದು ಇದು?”

“ನೆನ್ನೆ ತಿಂತು ಕಣಪ್ಪ,” ಎಂದೆ. ಬೈಗುಳಕ್ಕೆ ಹೆದರಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಅಂಗಾರೆ ನಾಳೆ ನೋಡವ, ಬುಡು.”

ಬೆಳಿಗ್ಗೆ ನೋಡಿದರೆ ಅದು ಸೆಟೆದುಕೊಂಡಿತ್ತು. ಅಕ್ಕ ತೋಟದ ಬದುವಿನಲ್ಲಿ ಹೂತು ಬಂದಳು.

ಅಂದಿನಿಂದ ಕಂದು ಮೊಲ ಬುಟ್ಟಿಯ ಒಂದೇ ಬದಿಗೆ ಸರಿದು ಮಲಗತೊಡಗಿತು. ಬಿಳಿಯದರ ಅರ್ಧ ಹಾಗೇ ಖಾಲಿ. ನಾನು ನಡುವಿಗೆ ಎತ್ತಿಟ್ಟರೂ ಮತ್ತೆ ಅಂಚಿಗೇ ಹೋಗುತ್ತಿತ್ತು. ಆ ಖಾಲಿ ಜಾಗದಿಂದ ಯಾರೋ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ, ಅಲ್ಲಿಗೆ ಕೈ ಹಾಕಲು ಹೆದರುತ್ತಿದ್ದೆ. ಕಂದು ಮೊಲವೂ ದಿನೇ ದಿನೇ ಬಡಕಲಾಗಿ, ಒಂದು ಬೆಳಿಗ್ಗೆ ಎಲೆಯಿಂದ ಮುಖ ತಿರುಗಿಸಿತು. ಈ ಸಲ ನಾನು ಕಾಯಲಿಲ್ಲ, ಅಪ್ಪನ ಹತ್ತಿರ ಓಡಿದೆ.

ಅದೇ ಟವೆಲಿನಲ್ಲಿ ಸುತ್ತಿಕೊಂಡು ಇಬ್ಬರೂ ಕೊಳ್ಳೇಗಾಲದ ದನದ ಆಸ್ಪತ್ರೆಗೆ ಹೋದೆವು. ಏನು ಹಾಕುತ್ತಿದ್ದೆ ಎಂದು ಕೇಳಿದ ಡಾಕ್ಟರು ಮೊಲದ ಬಾಯಿ ಬಿಡಿಸಿ ತೋರಿಸಿದರು. ಮುಂದಿನ ಹಲ್ಲುಗಳು ಉದ್ದವಾಗಿ ಬೆಳೆದು ಬಾಗಿದ್ದವು.

“ಮೊಲದ ಹಲ್ಲು ಬೆಳೀತಾನೇ ಇರುತ್ತೆ. ಹುಲ್ಲು, ಕಡ್ಡಿ ಅಗಿದರೆ ಸವೆಯುತ್ತೆ. ಹೆಚ್ಚಿದ ಎಳೇ ಎಲೆ ಹಾಕಿದ್ರೆ ಎಲ್ಲಿಂದ ಸವೀಬೇಕು?” ಎನ್ನುತ್ತ ಹಲ್ಲು ಕತ್ತರಿಸಿದರು. “ತಕ್ಷಣ ತಂದ್ರಿ, ಬದುಕಿತು.”

“ಇನ್ನೊಂದು ಒಂದೇ ದಿನಕ್ಕೆ ಓಗ್ಬುಡ್ತು ಸಾ. ನೆನ್ನೆ ತಿಂದದೆ ಅಂತ ನಾನೇ ಅಸಡ್ಡೆ ಮಾಡ್ಬುಟ್ಟೆ,” ಎಂದ ಅಪ್ಪ. ನಾನು ತಲೆ ಬಗ್ಗಿಸಿ ಮೊಲವನ್ನು ಟವೆಲಿನಲ್ಲಿ ಸುತ್ತತೊಡಗಿದೆ.

ಆಮೇಲೆ ಗರಿಕೆ, ಒಣಹುಲ್ಲು, ಹುಳುಗಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಹಾಕಿದೆವು. ಕರಕರ ಅಗಿಯುವ ಸದ್ದು ಕೇಳಿ ಅಕ್ಕ ನಕ್ಕಳು. ವಾರಕ್ಕೊಮ್ಮೆ ರೇಷ್ಮೆ ಗೂಡು ತೂಗುವ ತಕ್ಕಡಿಯಲ್ಲಿ ಅದನ್ನು ಕೂರಿಸಿ, ಎದುರಿಗೆ ಒಂದು ಕೆ.ಜಿ. ಕಲ್ಲಿಡುತ್ತಿದ್ದೆವು.

“ಅಲ್ಲಾಡ್ನೇ ಇಲ್ವಲ್ಲೋ!” ಎಂದು ಮೊದಲ ವಾರ ಅಕ್ಕ ಪೇಚಾಡಿದಳು. ಎರಡು ತಿಂಗಳಾಗುವಷ್ಟರಲ್ಲಿ ಕಲ್ಲು ಮೆಲ್ಲಗೆ ಮೇಲೆದ್ದಿತು. ಅಕ್ಕ ಚಪ್ಪಾಳೆ ತಟ್ಟಿದಳು. ಅಪ್ಪ ಮಾತ್ರ ಬುಟ್ಟಿಯ ಕಡೆ ನೋಡಿ, “ಅದೂ ಇರ್ಬೇಕಾಗಿತ್ತು. ನನ್ ತಪ್ಪು ಕಣ್ಲಾ,” ಎಂದ.

ಕಂದು ಮೊಲ ವರ್ಷಗಟ್ಟಲೆ ಬಾಳಿತು, ಕೊನೆಯವರೆಗೂ ಅರ್ಧ ಬುಟ್ಟಿಯಲ್ಲೇ ಮಲಗಿತು. ಅಪ್ಪ ತನ್ನದಲ್ಲದ ಆ ತಪ್ಪನ್ನು ಹೊತ್ತುಕೊಂಡೇ ಹೋದ.

ನಿಮ್ಮ ಮೊಲಕ್ಕೆ ಬಾಲ್ಕನಿಯಲ್ಲಿ ಪಂಜರವಿದೆ, ತೂಗಲು ಅಂಕಿ ತೋರಿಸುವ ಪುಟ್ಟ ಯಂತ್ರವಿದೆ. ಅದು ಸೊರಗಿತೆಂದು ಮೊನ್ನೆ ಎಲ್ಲರೂ ಆಸ್ಪತ್ರೆಗೆ ಹೋದೆವಲ್ಲ, ಡಾಕ್ಟರು ಕೇಳಿದ ಕೂಡಲೇ ನಿಮ್ಮಲ್ಲಿ ಚಿಕ್ಕವಳು, “ನಾನು ಬರೀ ಬಿಸ್ಕತ್ತು ಹಾಕ್ತಿದ್ದೆ. ಎರಡು ದಿನದಿಂದ ಏನೂ ತಿಂದಿಲ್ಲ, ಹೇಳೋಕೆ ಭಯ ಆಯ್ತು,” ಎಂದಳು. ಅಷ್ಟೇ, ಮುಗಿಯಿತು. ನಿಮ್ಮಪ್ಪನ ಕೈ ಹಿಡಿದುಕೊಂಡು ಅತ್ತು ಹಗುರಾದಳು. ಹಿಂದೆ ನಿಂತಿದ್ದ ನನಗೆ ಆ ಮಗುವಿನ ಮೇಲೆ ಹೊಟ್ಟೆಕಿಚ್ಚಾಯಿತು.

ಆಟೋದಲ್ಲಿ ಬರುವಾಗ “ಏನು ತಾತ ಗೊಣಗ್ತಿದೀಯ?” ಎಂದು ಕೇಳಿದಿರಿ. ಅದು ನಿಮಗೆ ಹೇಳಿದ್ದಲ್ಲ, ಮಕ್ಕಳೇ. “ನೆನ್ನೆ ಅಲ್ಲ ಕಣಪ್ಪ, ನಾಕ್ ದಿನ ಆಗಿತ್ತು,” ಎನ್ನುತ್ತಿದ್ದೆ.